ಉಚಿತ ಕಾನೂನು ನೆರವು: ಹಕ್ಕಿನಿಂದ ಕೇಳಿ

ಅಕ್ಕನ ಜೀವನಾಂಶದ ಕೇಸಿಗೆ ನಮ್ಮ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರನ್ನು ಪಡೆದೆವು. ಸೇವೆ ನಿಜಕ್ಕೂ ಚೆನ್ನಾಗಿದೆ. ವಕೀಲರ ಫೀಸು, ಟೈಪಿಂಗ್, ನೋಟಿಸ್ ಖರ್ಚು ಯಾವುದನ್ನೂ ನಾವು ಕೊಡಬೇಕಾಗಲಿಲ್ಲ. ಬಂದ ವಕೀಲೆ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಮನೆ ಬಾಡಿಗೆ, ಮಗಳ ಸ್ಕೂಲ್ ಫೀಸು, ಗ್ಯಾಸ್ ಎಲ್ಲವನ್ನೂ ಕೇಳಿ ಬರೆದುಕೊಂಡರು. "ಬಾಯಲ್ಲಿ ಹೇಳಿದ್ದು ಸಾಕಾಗಲ್ಲಮ್ಮ, ಪಾಸ್‌ಬುಕ್ ತನ್ನಿ" ಅಂದರು.

ಕಿರಿಕಿರಿಯಾಗಿದ್ದು ಮೊದಲ ದಿನ. ಕೌಂಟರಿನಲ್ಲಿ ಆದಾಯ ಪ್ರಮಾಣಪತ್ರ ಕೇಳಿದರು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಜೈಲಿನಲ್ಲಿರುವವರು, ಇವರಿಗೆಲ್ಲ ಆದಾಯದ ಮಿತಿಯೇ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಮೊಬೈಲಿನಲ್ಲಿ ತೋರಿಸಿದ ಮೇಲೆ ಅರ್ಜಿ ತಗೊಂಡರು.

ಅಕ್ಕನಿಗೆ ಇನ್ನೊಂದು ಸಂಕೋಚ, ಧರ್ಮಕ್ಕೆ ಕೇಳಿದ ಹಾಗಾಗುತ್ತೆ ಅಂತ. ಅವಳಿಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ವಿ.ಆರ್. ಕೃಷ್ಣ ಅಯ್ಯರ್ ಅವರ ಕಥೆ ಹೇಳಿದೆ. ಮೊದಲು ಕೇರಳದ ತಲಶ್ಶೇರಿಯಲ್ಲಿ ರೈತರ, ಕಾರ್ಮಿಕರ ಪರ ವಾದಿಸುತ್ತಿದ್ದ ವಕೀಲರು. 1948ರಲ್ಲಿ ಕಮ್ಯುನಿಸ್ಟರಿಗೆ ನೆರವಾದರೆಂದು ಅವರನ್ನೇ ಜೈಲಿಗೆ ಹಾಕಿದರು. 1952ರಲ್ಲಿ ಮದ್ರಾಸ್ ವಿಧಾನಸಭೆಗೆ ಗೆದ್ದರು. 1957ರಲ್ಲಿ ಕೇರಳದ ನಂಬೂದಿರಿಪಾಡ್ ಸರ್ಕಾರದಲ್ಲಿ ಕಾನೂನು ಮಂತ್ರಿ, ಜೈಲು ಖಾತೆಯೂ ಅವರದೇ. 1968ಕ್ಕೆ ಹೈಕೋರ್ಟ್, 1973ಕ್ಕೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ. ಬಡವರಿಗೆ ಕಾನೂನು ನೆರವು ಹೇಗೆ ಕೊಡಬೇಕು ಅಂತ ಕೇಂದ್ರಕ್ಕೆ ವರದಿ ಕೊಟ್ಟ ಸಮಿತಿಗೂ ಇವರೇ ಅಧ್ಯಕ್ಷರು.

ಸುಪ್ರೀಂ ಕೋರ್ಟಿನಲ್ಲಿ ಅವರು ತೀರ್ಪು ಬರೆದ 1978ರ ಕೇಸೊಂದು ನನಗೆ ತುಂಬ ಇಷ್ಟ, ಹೊಸ್ಕೋಟ್ ಎಂಬ ಕೈದಿಯದು. ಅವನ ಮೇಲ್ಮನವಿ ವರ್ಷಗಟ್ಟಲೆ ತಡವಾಗಿತ್ತು. ತೀರ್ಪಿನ ಪ್ರತಿ ಕೈಗೆ ಸಿಗಲಿಲ್ಲ ಅಂತ ಅವನ ದೂರು. ಕೊಟ್ಟಿದ್ದಕ್ಕೆ ಅವನ ಸಹಿ ಇರಲಿಲ್ಲ. ಇನ್ನು ಮುಂದೆ ಪ್ರತಿಯನ್ನು ಪುಕ್ಕಟೆ ಕೊಡಿ, ಸಹಿ ತಗೊಳ್ಳಿ, ವಕೀಲರನ್ನಿಡಲು ಆಗದವನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಿ ಅಂದರು ಅಯ್ಯರ್. ಇದು ದಾನ ಅಲ್ಲ, ಸರ್ಕಾರದ ಕರ್ತವ್ಯ ಅಂತ ಸ್ಪಷ್ಟವಾಗಿ ಬರೆದರು. ಆ ಒಂದು ಸಹಿಯ ಮಾತು, ಜೈಲನ್ನು ಒಳಗಿನಿಂದ ನೋಡಿದವರಿಗೇ ಹೊಳೆಯುವಂಥದ್ದು ಅಲ್ವಾ?

ಅಕ್ಕ ಅರ್ಜಿಗೆ ಸಹಿ ಹಾಕಿದಳು. ಈಗ ತಿಂಗಳು ತಿಂಗಳು ಮಧ್ಯಂತರ ಜೀವನಾಂಶ (ಕೇಸು ಮುಗಿಯುವವರೆಗಿನದು) ಬರ್ತಿದೆ.

ನಿಮಗೂ ಬೇಕಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಕೋರ್ಟಿಗೆ ಹೋಗಿ ಕೇಳಿ. ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆಯದೆ ಬರಬೇಡಿ. ಆಫೀಸಿನವರಿಗೆ ನನ್ನದೊಂದು ಮನವಿ: ಯಾರಿಗೆಲ್ಲ ಆದಾಯದ ಮಿತಿ ಇಲ್ಲ ಅನ್ನೋದನ್ನು ಕೌಂಟರಿನ ಪಕ್ಕದಲ್ಲೇ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿ.