ಜೆನ್ ಕಾನ್‌ನ ಒಂದು ಸಣ್ಣ ಸ್ಟಾಲಲ್ಲಿ ತಗೊಂಡ ವರ್ಚುವಲ್ ಟೇಬಲ್‌ಟಾಪ್: ಎಂಟು ಶನಿವಾರ ಆಡಿ ಬರೀತಿರೋ ರಿವ್ಯೂ

ನಾನಿರೋದು ಓಹಾಯೋದ ಕೊಲಂಬಸ್‌ನಲ್ಲಿ. ಅಲ್ಲಿಂದ ಐ-70 ಹಿಡಿದ್ರೆ ಇಂಡಿಯಾನಾಪೊಲಿಸ್ ಮೂರು ಗಂಟೆ ದಾರಿ, ಅಲ್ಲಿ ನಡೆಯೋ ಜೆನ್ ಕಾನ್ ಅನ್ನೋ ಆಟಗಳ ಮೇಳಕ್ಕೆ ಹೋಗ್ಬೇಕು ಹೋಗ್ಬೇಕು ಅಂತ ಎಷ್ಟೋ ವರ್ಷದಿಂದ ಅಂದ್ಕೊಂಡು 2025ರಲ್ಲಿ ಕೊನೆಗೂ ಹೋಗ್ಬಂದೆ. ಅಲ್ಲಿ ಒಬ್ಬರೇ ಕೂತು ಬರೆದಿರೋ ಒಂದು ವರ್ಚುವಲ್ ಟೇಬಲ್‌ಟಾಪ್ ಸಾಫ್ಟ್‌ವೇರ್ (ಮೇಜಿನ ಸುತ್ತ ಕೂತು ಆಡೋ ರೋಲ್‌ಪ್ಲೇಯಿಂಗ್ ಆಟಾನ ಆನ್‌ಲೈನ್‌ನಲ್ಲಿ ಆಡಕ್ಕೆ) ನೋಡ್ದೆ, ದುಡ್ಡು ಕೊಟ್ಟು ತಗೊಂಡೆ, ವಾಪಸ್ ಬಂದ್ಮೇಲೆ ಎಂಟು ಶನಿವಾರ ನಮ್ಮ ಟೀಮು ಅದರಲ್ಲೇ ಆಡಿದೀವಿ. ಆಡದೆ ರಿವ್ಯೂ ಬರೀಬಾರ್ದು ಅಂತ ಇಷ್ಟು ದಿನ ಸುಮ್ಮನಿದ್ದೆ.

ಸಾಫ್ಟ್‌ವೇರ್ ಹೆಸರು ಇಲ್ಲಿ ಹಾಕ್ತಿಲ್ಲ. ಇನ್ನೂ ಬೀಟಾ ಅದು, ಅಂದ್ರೆ ಪರೀಕ್ಷೆಯ ಹಂತದಲ್ಲಿದೆ, ನಾನು ಕೆಳಗೆ ಅದರ ತೊಂದರೆಗಳನ್ನೂ ಹೇಳ್ತೀನಿ, ಯಾರಾದ್ರೂ ಹೆಸರು ಹುಡುಕಿದಾಗ ಮೊದಲು ಕಣ್ಣಿಗೆ ಬೀಳೋದು ಆ ತೊಂದರೆಗಳೇ ಆದ್ರೆ ಒಬ್ಬ ಮನುಷ್ಯ ಎರಡೂವರೆ ವರ್ಷ ದುಡಿದಿದ್ದಕ್ಕೆ ಪೆಟ್ಟು ಬೀಳುತ್ತೆ. ಬೇಕಾದೋರು ಮೆಸೇಜ್ ಮಾಡಿ, ಖಂಡಿತ ಹೇಳ್ತೀನಿ.

ಈ ಆಟ ಗೊತ್ತಿಲ್ಲದೋರಿಗೆ ಎರಡು ಮಾತು. ತಾಳಮದ್ದಳೆ ನೋಡಿದೀರಲ್ಲ, ವೇಷ ಇಲ್ಲ ಕುಣಿತ ಇಲ್ಲ, ಸುಮ್ನೆ ಕೂತಲ್ಲೇ ಒಬ್ರು ಕೃಷ್ಣ ಒಬ್ರು ಕೌರವ ಆಗಿ ಆ ಕ್ಷಣಕ್ಕೆ ಹೊಳೆದ ಮಾತಲ್ಲಿ ಅರ್ಥ ಹೇಳ್ತಾರೆ, ಭಾಗವತರು ಪ್ರಸಂಗ ನಡೆಸ್ಕೊಂಡು ಹೋಗ್ತಾರೆ. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಅಂದ್ರೆ ಹೆಚ್ಚು ಕಮ್ಮಿ ಅದೇ. ಭಾಗವತರ ಜಾಗದಲ್ಲಿ ಗೇಮ್ ಮಾಸ್ಟರ್, ಪ್ರಸಂಗದ ಕೊನೆ ಏನು ಅಂತ ಯಾರಿಗೂ ಗೊತ್ತಿರಲ್ಲ, ಗೆದ್ಯಾ ಸೋತ್ಯಾ ಅಂತ ತೀರ್ಮಾನ ಮಾಡೋದು ಇಪ್ಪತ್ತು ಮುಖದ ದಾಳ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತೆ ಡೇವ್ ಆರ್ನೆಸನ್ ತಂದ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ (ಡಿ ಆಂಡ್ ಡಿ) ಇದರ ಮೂಲ. ಎಲ್ರೂ ಒಂದೇ ಮೇಜಿನ ಸುತ್ತ ಕೂರಕ್ಕೆ ಆಗದಿದ್ದಾಗ ಆ ಮೇಜು, ಮ್ಯಾಪು, ಗೊಂಬೆ, ದಾಳ ಎಲ್ಲಾನೂ ಸ್ಕ್ರೀನ್ ಮೇಲೆ ತರೋದೇ ವರ್ಚುವಲ್ ಟೇಬಲ್‌ಟಾಪ್.

ನಮ್ಮ ಟೀಮು ಹಾಗೇ ಚದುರಿ ಹೋಗಿರೋದು. ಒಬ್ಬ ಗೆಳೆಯ ಮೈಸೂರಲ್ಲಿ, ಚಿಕ್ಕಮ್ಮನ ಮಗಳು ಶಿವಮೊಗ್ಗದಲ್ಲಿ, ಭಾವ ಡಬ್ಲಿನ್‌ನಲ್ಲಿ, ನಾನಿಲ್ಲಿ. ನನಗೆ ಬೆಳಗ್ಗೆ ಒಂಬತ್ತೂವರೆ ಆದಾಗ ಭಾವಂಗೆ ಮಧ್ಯಾಹ್ನ ಎರಡೂವರೆ, ಊರಲ್ಲಿ ರಾತ್ರಿ ಏಳು. ಮೂರು ಕಡೆಗೂ ಹೊಂದೋ ಹೊತ್ತು ವಾರಕ್ಕೆ ಅದೊಂದೇ, ಅದರಲ್ಲಿ ನಲವತ್ತು ನಿಮಿಷ "ನಂಗೆ ಮ್ಯಾಪ್ ಕಾಣ್ತಿಲ್ಲ ಕಣೋ" ಅನ್ನೋದ್ರಲ್ಲೇ ಹೋದ್ರೆ ಹೊಟ್ಟೆ ಉರಿಯುತ್ತೆ. ಮೈಸೂರಿನೋನದು ಹನ್ನೆರಡು ವರ್ಷದ ಹಳೇ ಲ್ಯಾಪ್‌ಟಾಪು, 4 ಜಿಬಿ ರ್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಮ್ಯಾಪ್ ಸ್ವಲ್ಪ ದೊಡ್ಡದಾದ್ರೂ ಫ್ಯಾನು ಮಿಕ್ಸಿ ಥರ ಕಿರುಚೋದು ನಮಗೆಲ್ಲ ಕಾಲ್‌ನಲ್ಲಿ ಕೇಳ್ಸುತ್ತೆ. ಹಾಗಾಗಿ ಯಾವ ಸಾಫ್ಟ್‌ವೇರ್ ನೋಡಿದ್ರೂ ನಾನು ಕೇಳ್ಕೊಳ್ಳೋ ಪ್ರಶ್ನೆ ಒಂದೇ, ಇದು ಮೈಸೂರಲ್ಲಿ ಓಡುತ್ತಾ?

ಜೆನ್ ಕಾನ್ ಬಗ್ಗೆ ಜಾಸ್ತಿ ಎಳೆಯಲ್ಲ. 1968ರಲ್ಲಿ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಊರಲ್ಲಿ ಗೈಗ್ಯಾಕ್ಸ್ ಶುರು ಮಾಡಿದ್ದು, 2003ರಿಂದ ಇಂಡಿಯಾನಾಪೊಲಿಸ್‌ನಲ್ಲಿ ನಡೀತಿದೆ, ಈಗ ನಾಲ್ಕು ದಿನಕ್ಕೆ 70 ಸಾವಿರಕ್ಕೂ ಮೇಲೆ ಜನ. ದಸರಾ ಎಕ್ಸಿಬಿಷನ್‌ಗೆ ಭಾನುವಾರ ಸಂಜೆ ಹೋದ್ರೆ ಹೆಂಗಿರುತ್ತೋ ಹಂಗೆ, ಎಕ್ಸಿಬಿಟ್ ಹಾಲ್ ಒಳಗೆ ನಾವು ನಡೆಯೋದಲ್ಲ, ಜನಾನೇ ತಳ್ಕೊಂಡು ಹೋಗ್ತಾರೆ. ಅಲ್ಲಿ ಬೋರ್ಡ್ ಗೇಮ್ ಮಾರೋರಿಗೆ ಒಂದು ಅನುಕೂಲ ಇದೆ, ಡಬ್ಬ ಎತ್ತಿ ನೋಡ್ಬಹುದು, ಗೊಂಬೆ ಮುಟ್ಬಹುದು, ದಾಳ ಕೈಯಲ್ಲಿ ಹಿಡಿದು ಅಲ್ಲಾಡಿಸ್ಬಹುದು. ಸಾಫ್ಟ್‌ವೇರ್ ಮಾರೋರ ಹತ್ರ ಒಂದು ಸ್ಕ್ರೀನ್ ಬಿಟ್ರೆ ಏನೂ ಇಲ್ಲ, ಆ ಗಲಾಟೆಯಲ್ಲಿ ಯಾರು ನಿಂತು ನೋಡ್ತಾರೆ? ಹೊಸಬರಿಗೆ ಅಂತಲೇ ಎಂಟರ್‌ಪ್ರೆನ್ಯೂರ್ಸ್ ಅವೆನ್ಯೂ ಅಂತ ಒಂದು ಸಾಲು ಬಿಟ್ಟಿರ್ತಾರೆ, ಮೊದಲು ಅದನ್ನ ನೋಡ್ಕೊಂಡು ಬಂದೆ. ಈ ಸ್ಟಾಲು ಸಿಕ್ಕಿದ್ದು ಅದನ್ನ ದಾಟಿ ಇನ್ನೂ ಒಂದು ಮೂಲೆಗೆ ಹೋದ್ಮೇಲೆ.

ಹತ್ತಡಿ ಹತ್ತಡಿ ಜಾಗ, ಒಂದು ಮೇಜು, ಗಂಡ ಹೆಂಡ್ತಿ ಇಬ್ರು. ಮೇಜಿನ ಮೇಲೆ ಒಂದು ಹೊಸ ಕಂಪ್ಯೂಟರು, ಅದರ ಎರಡೂ ಪಕ್ಕ ಎರಡು ಹಳೇ ಲ್ಯಾಪ್‌ಟಾಪು, ಒಂದರ ಮುಚ್ಚಳದ ಮೇಲೆ 2013 ಅಂತ ಬರೆದು ಚೀಟಿ ಅಂಟಿಸಿದ್ರು. ನಾನು ನಿಂತಿದ್ದೇ ಆ ಚೀಟಿ ನೋಡಿ. ಸಾಫ್ಟ್‌ವೇರ್ ಬರೆದೋರು ಡ್ರ್ಯಾಗನ್ ತೋರಿಸ್ಲಿಲ್ಲ, ಬೆಂಕಿ ಹೊಗೆ ಎಫೆಕ್ಟ್ ತೋರಿಸ್ಲಿಲ್ಲ, ಮೊದಲು ಕೇಳಿದ್ದು "ನಿಮ್ಮ ಟೀಮಲ್ಲಿ ಅತಿ ಹಳೇ ಕಂಪ್ಯೂಟರ್ ಯಾರದ್ದು?" ಅಂತ. ಮೈಸೂರಿನ ಕಥೆ ಹೇಳ್ದೆ. "ಹಾಗಾದ್ರೆ ನೀವು ಇದರ ಮುಂದೆ ಕೂತ್ಕೊಳ್ಳಿ" ಅಂತ ಆ 2013ರ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ್ರು. ಇದಕ್ಕೆ ಮುಂಚೆ ನೋಡಿದ ಎರಡು ಮೂರು ಡೆಮೋಗಳಲ್ಲಿ ನನ್ನ ಆಟದ ಬಗ್ಗೆ ಒಬ್ರೂ ಒಂದು ಮಾತು ಕೇಳಿರ್ಲಿಲ್ಲ.

ಡೆಮೋ ಸುಮಾರು ಇಪ್ಪತ್ತು ನಿಮಿಷ. ಹಾಲ್‌ನ ವೈಫೈ ನಂಬಕ್ಕಾಗಲ್ಲ ಅಂತ ತಮ್ಮದೇ ರೂಟರ್ ತಂದಿದ್ರು. ನಾನು ಒಂದು ಗುಹೆ ಒಳಗೆ ಟೋಕನ್ (ಮ್ಯಾಪ್ ಮೇಲೆ ನನ್ನ ಪಾತ್ರದ ಗೊಂಬೆ) ನಡೆಸ್ತಿರುವಾಗ್ಲೇ ಹೇಳದೆ ಕೇಳದೆ ನನ್ನ ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿಬಿಟ್ರು. ಬೇರೆ ಎರಡು ಸ್ಕ್ರೀನಲ್ಲಿ ನನ್ನ ಟೋಕನ್ ಬೂದಿ ಬಣ್ಣಕ್ಕೆ ತಿರುಗ್ತು, ಅಷ್ಟೇ, ಆಟ ನಿಲ್ಲಲಿಲ್ಲ. ವೈಫೈ ಮತ್ತೆ ಆನ್ ಮಾಡಿದ ತಕ್ಷಣ ನಾನು ಎಲ್ಲಿದ್ನೋ ಅಲ್ಲೇ ಇದ್ದೆ, ಪೇಜ್ ರಿಫ್ರೆಶ್ ಮಾಡೋ ಕೆಲಸ ಇಲ್ಲ, ಲಾಗಿನ್ ಕೇಳ್ಲಿಲ್ಲ. ಮಳೆಗಾಲದಲ್ಲಿ ಶಿವಮೊಗ್ಗದ ಕರೆಂಟು ನೋಡಿದೋರಿಗೆ ಇದರ ಬೆಲೆ ಗೊತ್ತಾಗುತ್ತೆ.

ಬೆಳಕಿನ ಲೆಕ್ಕಾಚಾರಾನೂ ಕೇಳ್ದೆ, ಯಾಕಂದ್ರೆ ಹಳೇ ಕಂಪ್ಯೂಟರ್ ಸಾಯೋದೇ ಅಲ್ಲಿ. ಗೇಮ್ ಮಾಸ್ಟರ್ ಮ್ಯಾಪ್ ಮೇಲೆ ಗೋಡೆಗಳನ್ನ ಗೆರೆ ಎಳೆದು ಗುರುತು ಮಾಡಿರ್ತಾರೆ, ಟೋಕನ್ ನಿಂತ ಜಾಗದಿಂದ ಯಾವ ಗೋಡೆ ದಾಟಿ ಕಣ್ಣು ಹೋಗುತ್ತೆ, ದೀಪದ ಬೆಳಕು ಎಲ್ಲಿವರೆಗೆ ಅಂತ ಕಂಪ್ಯೂಟರ್ ಲೆಕ್ಕ ಹಾಕಿ ಉಳಿದಿದ್ದನ್ನೆಲ್ಲ ಕತ್ತಲು ಮಾಡುತ್ತೆ. ಟೋಕನ್ ಎಳೀತಿರೋ ಅಷ್ಟು ಹೊತ್ತೂ ಆ ಲೆಕ್ಕ ನಡೀತಾನೇ ಇದ್ರೆ ನೋಡಕ್ಕೆ ಚೆಂದ, ಆದ್ರೆ ಹಳೇ ಮಿಷಿನ್ ಉಸಿರು ಕಟ್ಟುತ್ತೆ. ಇವರು ಅದಕ್ಕೊಂದು ಆಯ್ಕೆ ಇಟ್ಟಿದಾರೆ, ಟೋಕನ್ ಬಿಟ್ಮೇಲೆ ಒಂದೇ ಸಲ ಲೆಕ್ಕ ಹಾಕೋ ಹಾಗೆ ಮಾಡ್ಬಹುದು, ಜೊತೆಗೆ ನಿಧಾನದ ಕಂಪ್ಯೂಟರ್‌ಗೆ ಮ್ಯಾಪಿನ ಚಿಕ್ಕ ಸೈಜಿನ ಪ್ರತಿ ಹೋಗುತ್ತೆ. ಯಾರ್ಯಾರ ಮಿಷಿನ್‌ಗೆ ಇದು ಬೇಕು ಅಂತ ಬೇರೆ ಬೇರೆ ಆರಿಸ್ಬಹುದು.

ಆಮೇಲೆ ನಾನು ಕನ್ನಡದಲ್ಲಿ ಟೈಪ್ ಮಾಡಿದೆ. ನಮ್ಮ ಕಥೆ ನಡೆಯೋದು ಮಲೆನಾಡಿನ ಥರದ ಒಂದು ಊರಲ್ಲಿ, ಹೆಸರುಗಳೆಲ್ಲ ಕನ್ನಡವೇ. ಚಾಟ್‌ನಲ್ಲಿ ಬ್ರಹ್ಮರಾಕ್ಷಸ ಅಂತ ಹೊಡೆದ್ರೆ ಸರಿಯಾಗೇ ಬಂತು. ಅದನ್ನೇ ಟೋಕನ್ ಕೆಳಗಿನ ಹೆಸರಿಗೆ ಹಾಕಿದ್ರೆ ಬ್‌ರಹ್‌ಮರಾಕ್‌ಷಸ ಅಂತ ಬಂತು, ಒತ್ತಕ್ಷರ ಒಂದೂ ಕೂಡ್ಕೊಳ್ಳಲಿಲ್ಲ, ನೋಡಕ್ಕೇ ಸಂಕಟ ಆಯ್ತು. ಅವರು ಬಗ್ಗಿ ನೋಡಿ "ಇದರಲ್ಲಿ ತಪ್ಪೇನಿದೆ, ನಂಗೆ ಗೊತ್ತಾಗ್ತಿಲ್ಲ, ಬರೆದು ತೋರಿಸಿ" ಅಂತ ತಮ್ಮ ನೋಟ್‌ಬುಕ್ ಕೊಟ್ರು. ಹ ಬರೆದು ಅದರ ಕೆಳಗೆ ಮ ಒತ್ತು ಹೆಂಗೆ ಬರುತ್ತೆ, ಕ ಮತ್ತೆ ಷ ಸೇರಿದ್ರೆ ಕ್ಷ ಹೆಂಗೆ ಆಗುತ್ತೆ ಅಂತ ಬಾಣ ಹಾಕಿ ಬರೆದೆ. ಪಕ್ಕದಲ್ಲೇ ಅವರೂ ಒಂದು ಸಲ ಕ್ಷ ತಿದ್ದಿ ನೋಡಿದ್ರು. ಕಾರಣ ಅವರೇ ಹೇಳಿದ್ರು, ಚಾಟ್ ಅಕ್ಷರಗಳನ್ನ ಬ್ರೌಸರೇ ಬಿಡಿಸುತ್ತೆ, ಮ್ಯಾಪ್ ಮೇಲಿನ ಹೆಸರಿಗೆ ಮಾತ್ರ ಸ್ಪೀಡ್ ಸಿಗ್ಲಿ ಅಂತ ಒಂದೊಂದು ಅಕ್ಷರದ ಚಿತ್ರ ಇಟ್ಕೊಂಡು ಪಕ್ಕಪಕ್ಕ ಜೋಡಿಸ್ತಾರಂತೆ, ಇಂಗ್ಲಿಷ್‌ಗೆ ಅದು ಸಾಕು, ಅಕ್ಷರಗಳು ಒಂದಕ್ಕೊಂದು ಕೂಡೋ ನಮ್ಮಂಥ ಲಿಪಿಗೆ ಆಗಲ್ಲ. "ಇದು ನನ್ನ ತಪ್ಪು, ಸರಿ ಮಾಡ್ತೀನಿ" ಅಂದ್ರು. ಮೇಳದಲ್ಲಿ ಇಂಥ ಮಾತು ಎಲ್ರೂ ಆಡ್ತಾರೆ, ನಾನು ಅಷ್ಟೇನೂ ನಂಬಿರ್ಲಿಲ್ಲ.

ಬೆಲೆ ಒಂದೇ ಸಲ 35 ಡಾಲರ್, ಆಟ ನಡೆಸೋರು ಮಾತ್ರ ಕೊಟ್ರೆ ಸಾಕು, ಉಳಿದೋರು ಬ್ರೌಸರಲ್ಲಿ ಬರ್ತಾರೆ. ಹೋಲಿಸಕ್ಕೆ ಬೇಕಂದ್ರೆ, 2020ರ ಮೇನಲ್ಲಿ ಬಂದ ಫೌಂಡ್ರಿ ಅನ್ನೋ ಇನ್ನೊಂದು ವರ್ಚುವಲ್ ಟೇಬಲ್‌ಟಾಪ್‌ದೂ ಇದೇ ಕ್ರಮ, 50 ಡಾಲರ್. ಫೌಂಡ್ರಿ ನಾನು ಆಡಿದೀನಿ, ಅದರ ಮಾಡ್ಯೂಲ್‌ಗಳ (ಮೇಲಿಂದ ಸೇರಿಸ್ಕೊಳ್ಳೋ ಸೌಲಭ್ಯಗಳ) ಸಂಪತ್ತಿನ ಹತ್ರ ಈ ಹೊಸದು ಸುಳಿಯಕ್ಕೂ ಆಗಲ್ಲ. ಆದ್ರೆ ಅದನ್ನ ನಮ್ಮ ಕಂಪ್ಯೂಟರಿಂದಲೇ ನಡೆಸ್ಬೇಕಂದ್ರೆ ಹೊರಗಿನೋರು ಒಳಗೆ ಬರಕ್ಕೆ ರೂಟರಲ್ಲಿ ಪೋರ್ಟ್ ಅನ್ನೋ ದಾರಿ ತೆರೀಬೇಕು, ನನ್ನ ಮನೆಗೆ ಇಂಟರ್ನೆಟ್ ಕೊಡೋ ಕಂಪನಿ ನೂರಾರು ಮನೆಗೆ ಸೇರಿಸಿ ಒಂದೇ ಐಪಿ ಕೊಟ್ಟಿರೋದ್ರಿಂದ ಅದು ಆಗೋದೇ ಇಲ್ಲ, ಬೇರೆ ಕಡೆ ಹೋಸ್ಟಿಂಗ್‌ಗೆ ತಿಂಗಳು ತಿಂಗಳು ಕೊಡ್ಬೇಕು. ಇವರು ಮಧ್ಯದಲ್ಲಿ ಒಂದು ಸಣ್ಣ ಸರ್ವರ್ ಇಟ್ಟು ಆ ತಲೆನೋವು ತೆಗೆದಿದಾರೆ. ರೋಲ್20 ಅಂತ ಇನ್ನೊಂದಿದೆ, ಅದು ಇದಕ್ಕಿಂತ ಸುಲಭ, 2012ರಿಂದ ಇದೆ, ಮೊದಲ ಸಲ ಆಡೋರಿಗೆ ನಾನು ಈಗಲೂ ಅದನ್ನೇ ಹೇಳೋದು.

ಒಬ್ಬರೇ ಇದನ್ನೆಲ್ಲ ಮಾಡಕ್ಕೆ ಹೆಂಗೆ ಧೈರ್ಯ ಬಂತು ಅಂತ ಕೇಳಿದ್ದಕ್ಕೆ 2023ರ ಜನವರಿ ಅಂದ್ರು. ಆಗ ಡಿ ಆಂಡ್ ಡಿ ಕಂಪನಿ ವಿಝರ್ಡ್ಸ್ ಆಫ್ ದ ಕೋಸ್ಟ್, ಆಟದ ನಿಯಮಗಳನ್ನ ಬೇರೆಯೋರು ಬಳಸೋ ಲೈಸೆನ್ಸ್ ಬದಲಾಯಿಸಕ್ಕೆ ಹೋಗಿ ದೊಡ್ಡ ಗಲಾಟೆ ಆಗಿತ್ತು, ಅವರ ಒಂದು ಕರಡಿನಲ್ಲಿ ವರ್ಚುವಲ್ ಟೇಬಲ್‌ಟಾಪ್‌ಗಳು ಮ್ಯಾಜಿಕ್ ಮಿಸೈಲ್ ಅನ್ನೋ ಮಂತ್ರದ ಬಾಣ ಹಾರೋ ಅನಿಮೇಷನ್ ಕೂಡ ತೋರಿಸ್ಬಾರ್ದು ಅನ್ನೋ ಅರ್ಥದ ಮಾತಿತ್ತು. ಜನ ತಿರುಗಿ ಬಿದ್ಮೇಲೆ ತಿಂಗಳ ಕೊನೆಗೆ ಮೂಲ ನಿಯಮಗಳನ್ನ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿ ಬಿಟ್ಟುಕೊಟ್ರು, ಅದನ್ನ ವಾಪಸ್ ತಗೊಳ್ಳಕ್ಕೆ ಬರಲ್ಲ. ಇವರು ಕೋಡ್ ಬರೆಯಕ್ಕೆ ಕೂತಿದ್ದು ಆಮೇಲೇನೇ.

ಈಗ ಮನೆಯ ಅನುಭವ. ಮೊದಲ ಶನಿವಾರ ಮೈಸೂರಿನೋನು ಲಿಂಕ್ ಒತ್ತಿ ಎರಡು ನಿಮಿಷದಲ್ಲಿ ಒಳಗಿದ್ದ. ಫ್ಯಾನ್ ಸದ್ದು ಬಂತು, ಆದ್ರೆ ಕಿರುಚಾಟ ಇಲ್ಲ, ಮೂರು ಗಂಟೆ ಆಡಿದ್ವಿ, ಅವನು ಒಂದು ಸಲಾನೂ ಹೊರಗೆ ಬೀಳ್ಲಿಲ್ಲ. ಮೂರನೇ ವಾರ ಶಿವಮೊಗ್ಗದಲ್ಲಿ ಕರೆಂಟ್ ಹೋಗಿ ತಂಗಿ ಫೋನಿನ ಹಾಟ್‌ಸ್ಪಾಟ್‌ನಿಂದ ಬಂದ್ಲು, ಅವಳ ಟೋಕನ್ ಸ್ವಲ್ಪ ಹೊತ್ತು ಬೂದಿ ಆಗಿ ಮತ್ತೆ ಬಣ್ಣ ಬಂತು.

ತೊಂದರೆಗಳು ಇದಾವೆ, ಸಣ್ಣವಲ್ಲ. ತಪ್ಪಿ ಗೋಡೆ ಅಳಿಸಿದ್ರೆ ವಾಪಸ್ ತರಕ್ಕೆ ಅಂಡೂ ಇಲ್ಲ, ನಾನೊಂದು ಸಲ ಇಡೀ ಕೋಟೆಯ ಗೋಡೆ ಕಳ್ಕೊಂಡು ಶುಕ್ರವಾರ ರಾತ್ರಿ ಎರಡು ಗಂಟೆವರೆಗೂ ಮತ್ತೆ ಗೆರೆ ಎಳೆದೆ. ಅದು ಬರೋವರೆಗೂ ಇದಕ್ಕೆ ಪೂರ್ತಿ ಮಾರ್ಕ್ಸ್ ಕೊಡಕ್ಕಾಗಲ್ಲ. ಫೋನಲ್ಲಿ ಕ್ಯಾರೆಕ್ಟರ್ ಶೀಟ್ (ನಮ್ಮ ಪಾತ್ರದ ವಿವರದ ಪುಟ) ತೆರೆದ್ರೆ ಬಟನ್‌ಗಳು ಒಂದರ ಮೇಲೊಂದು ಬೀಳ್ತವೆ. ಡಿ ಆಂಡ್ ಡಿ ಐದನೇ ಎಡಿಷನ್ ಬಿಟ್ಟು ಬೇರೆ ಆಟ ಆಡ್ಬೇಕಂದ್ರೆ ಲೆಕ್ಕ ಎಲ್ಲಾ ಕೈಯಲ್ಲೇ ಮಾಡ್ಕೋಬೇಕು. ಹೆಲ್ಪ್ ಪೇಜ್ ಅರ್ಧಂಬರ್ಧ, ಏನೇ ಕೇಳ್ಬೇಕಂದ್ರೂ ಅವರಿಗೇ ಮೇಲ್ ಹಾಕ್ಬೇಕು, ಮಾರನೇ ದಿನದೊಳಗೆ ಉತ್ತರ ಬರುತ್ತೆ ನಿಜ, ಆದ್ರೆ ನಮಗೆ ಆಟ ಇರೋದು ಶನಿವಾರ ಬೆಳಗ್ಗೆ.

ಒಬ್ಬರೇ ನಡೆಸೋದು ಅಂದ್ಮೇಲೆ ನಾಳೆ ಅವರು ನಿಲ್ಲಿಸಿಬಿಟ್ರೆ ಗತಿ ಏನು ಅಂತ ಭಾವ ಕೇಳಿದ್ರು, ನ್ಯಾಯವಾದ ಪ್ರಶ್ನೆ. ದೊಡ್ಡೋರು ನಿಲ್ಲಿಸಲ್ಲ ಅಂತೇನೂ ಇಲ್ಲ, ಸಿಗಿಲ್ ಅಂತ 3ಡಿ ಟೇಬಲ್‌ಟಾಪನ್ನ ವಿಝರ್ಡ್ಸ್ 2025ರ ಫೆಬ್ರವರಿಯಲ್ಲಿ ಹೊರಗೆ ಬಿಟ್ಟು ಮಾರ್ಚ್‌ನಲ್ಲೇ ಆ ಟೀಮಿನ ಬಹುಪಾಲು ಜನರನ್ನ ಮನೆಗೆ ಕಳಿಸ್ತು. ಇದೇ ಮಾತು ಸ್ಟಾಲಲ್ಲೂ ಕೇಳಿದ್ದೆ. ಅವರು ಒಂದು ಬಟನ್ ಒತ್ತಿ ಇಡೀ ಆಟಾನ ಒಂದು ಝಿಪ್ ಫೈಲ್ ಮಾಡಿ ತೋರಿಸಿದ್ರು, ಒಳಗೆ ಮ್ಯಾಪ್‌ಗಳು ಮಾಮೂಲಿ ಚಿತ್ರಗಳಾಗಿ, ಕಥೆ ಟಿಪ್ಪಣಿ ಎಲ್ಲಾ ಮಾಮೂಲಿ ಟೆಕ್ಸ್ಟ್ ಆಗಿ ಇದ್ವು. ನಾನು ಪ್ರತಿ ಭಾನುವಾರ ಆ ಝಿಪ್ ಇಳಿಸಿಟ್ಕೋತೀನಿ, ನೀವು ಯಾವ ಸಾಫ್ಟ್‌ವೇರ್ ತಗೊಂಡ್ರೂ ಇದೊಂದು ಇದೆಯಾ ಅಂತ ನೋಡ್ಕೊಂಡೇ ದುಡ್ಡು ಕೊಡಿ.

ಐದನೇ ವಾರದ ಆಟ ಮುಗಿದ ಮೇಲೆ ಬುಧವಾರ ಅವರ ಮೇಲ್ ಬಂತು, ಅವರ ನೋಟ್‌ಬುಕ್ಕಲ್ಲಿ ನಾನು ಬರೆದಿದ್ದ ಪುಟದ ಫೋಟೋ, ಅದರ ಕೆಳಗೆ ಹೊಸ ಸ್ಕ್ರೀನ್‌ಶಾಟ್, "ಇದು ಸರಿ ಇದೆಯಾ?" ಅಂತ ಒಂದೇ ಸಾಲು. ಆ ಶನಿವಾರ ಮೈಸೂರಿನೋನ ಟೋಕನ್ ಊರಾಚೆ ಅರಳಿ ಮರದ ಹತ್ರ ಹೋಯ್ತು. ಅವನ ಹಳೇ ಲ್ಯಾಪ್‌ಟಾಪ್ ಎರಡು ಸೆಕೆಂಡ್ ತಗೊಂಡು ಕತ್ತಲು ಸರಿಸ್ತು, ಮರದ ಬುಡದಲ್ಲಿ ಒಂದು ಆಕಾರ, ಅದರ ಕೆಳಗೆ ಬ್ರಹ್ಮರಾಕ್ಷಸ, ಒತ್ತಕ್ಷರ ಎಲ್ಲಾ ಇದ್ದ ಜಾಗದಲ್ಲೇ. ತಂಗಿ ಅದನ್ನ ಮೆಲ್ಲಗೆ ಓದಿದ್ಲು. ಕಾಲ್‌ನಲ್ಲಿ ಯಾರೂ ಮಾತಾಡ್ಲಿಲ್ಲ, ಆಮೇಲೆ ಭಾವ "ದಾಳ ಹಾಕೋ" ಅಂದ್ರು, ಹದಿನೇಳು ಬಿತ್ತು.

ಅರ್ಕಾವತ್ತು ಮಾತ್ರ ಇನ್ನೂ ಸರಿ ಹೋಗಿಲ್ಲ, ಸೂರ್ಯ ಅಂತ ಬರೆದ್ರೆ ಪಕ್ಕಕ್ಕೆ ಜಾರಿ ಮುಂದಿನ ಅಕ್ಷರದ ಮೇಲೆ ಕೂರುತ್ತೆ. ಮೊನ್ನೆ ಅದನ್ನೂ ಕೈಯಲ್ಲಿ ಬರೆದು ಫೋಟೋ ಕಳಿಸಿದೀನಿ.