ಬಾಡಿಗೆ ಜೇನುಪೆಟ್ಟಿಗೆ ಸೇವೆ: ಕೆಲಸ ಅಚ್ಚುಕಟ್ಟು, ಮೂಲದ ಮಾಹಿತಿ ಸಾಲದು

ಕೊಪ್ಪಳ ಜಿಲ್ಲೆಯ ಕುಷ್ಟಗಿ ಭಾಗದ ಬೆಳೆಗಾರರಿಗೆ ಮೆಲ್ಲಿಫೆರಾ (ಯುರೋಪ್ ಮೂಲದ ಸಾಕುಜೇನು) ಜೇನುಪೆಟ್ಟಿಗೆಗಳನ್ನು ಬಾಡಿಗೆಗೆ ಕೊಡುವ ಸೇವೆಯೊಂದನ್ನು ಈ ಹಂಗಾಮಿನಲ್ಲಿ ನಮ್ಮ ಸೂರ್ಯಕಾಂತಿ ಹೊಲಕ್ಕೆ ಪಡೆದೆವು. ಕತ್ತಲಾದ ಮೇಲೆ ಪೆಟ್ಟಿಗೆಗಳನ್ನು ಇಳಿಸಿ, ಇರುವೆ ಹತ್ತದಂತೆ ಕಾಲುಗಳ ಕೆಳಗೆ ನೀರಿನ ಬಟ್ಟಲುಗಳನ್ನಿಟ್ಟು, ಹೂವಿರುವಷ್ಟು ದಿನ ಔಷಧಿ ಹೊಡೆಯಬಾರದೆಂದು ಅಕ್ಕಪಕ್ಕದ ಹೊಲದವರಿಗೂ ಹೇಳಿಹೋದರು. ತೆನೆಯ ನಡುವೆ ಜೊಳ್ಳು ಬೀಳುವುದು ಕಡಿಮೆಯಾಗಿದೆ. ಬಾಡಿಗೆಯೂ ಹೊರೆಯೆನಿಸಲಿಲ್ಲ.

ಆದರೆ ಪೆಟ್ಟಿಗೆಯಲ್ಲಿರುವ ಈ ಜೇನುಕುಟುಂಬಗಳು ಎಲ್ಲಿಂದ ಬಂದವು ಎಂದು ಕೇಳಿದಾಗ 'ಉತ್ತರದ ಕಡೆಯಿಂದ' ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯಲಿಲ್ಲ. ತಪಾಸಣೆಯ ಚೀಟಿಯೂ ಇರಲಿಲ್ಲ. ಇದನ್ನು ಸಣ್ಣ ಕೊರತೆ ಎನ್ನಲಾರೆ. ಜೇನಿನ ರೋಗ ಜೇನಿನ ಜೊತೆಗೇ ಪ್ರಯಾಣ ಮಾಡುತ್ತದೆ ಎಂಬ ಕಾರಣಕ್ಕೇ ಅಮೆರಿಕ 1922ರಲ್ಲಿ ಕಾನೂನು ಮಾಡಿ ಹೊರದೇಶದ ಜೇನುಹುಳಗಳ ಆಮದನ್ನು ತಡೆಯಿತು. ಜೇನುಹುಳಗಳ ಮೈಗಂಟಿ ಬದುಕುವ ವರೋವಾ ನುಸಿಯನ್ನು ಬಹುಕಾಲ ಹೊರಗಿಟ್ಟಿದ್ದ ಆಸ್ಟ್ರೇಲಿಯಾದಲ್ಲಿ 2022ರ ಜೂನ್‌ನಲ್ಲಿ ನ್ಯೂಕ್ಯಾಸಲ್ ಬಂದರಿನಲ್ಲಿ ಹೊರಗಿನ ಪಿಡುಗನ್ನು ಪತ್ತೆಹಚ್ಚಲೆಂದೇ ಇಟ್ಟ ಕಾವಲು ಪೆಟ್ಟಿಗೆಗಳಲ್ಲಿ ಅದು ಸಿಕ್ಕಿತು. ಸಾವಿರಾರು ಕುಟುಂಬಗಳನ್ನು ನಾಶಮಾಡಿದರೂ ನಿರ್ಮೂಲನೆ ಸಾಧ್ಯವಾಗದೆ 2023ರ ಸೆಪ್ಟೆಂಬರ್‌ನಲ್ಲಿ ಆ ಪ್ರಯತ್ನವನ್ನೇ ಕೈಬಿಡಬೇಕಾಯಿತು. ನಮ್ಮಲ್ಲಿಯೂ 1990ರ ದಶಕದ ಆರಂಭದಲ್ಲಿ ಜೇನುಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಹರಡಿ ನಮ್ಮ ನಾಡಿನ ತುಡುವೆ ಜೇನಿನ ಬಹುಪಾಲು ಕುಟುಂಬಗಳು ಅಳಿದವು. ಆ ನಷ್ಟ ಕಂಡ ರಾಜ್ಯದಲ್ಲಿ ಪೆಟ್ಟಿಗೆಯ ಮೂಲ ಬರೆದಿಡುವುದು ಇಷ್ಟು ಕಷ್ಟವೇಕೆ?

ಒತ್ತಾಯಿಸಿದ ಮೇಲೆ ಅವರ ಹುಡುಗ ನುಸಿ ಪರೀಕ್ಷೆ ಮಾಡಿ ತೋರಿಸಿದನು. ಮರಿಗಳಿರುವ ಎರಿಯಿಂದ (ಮೇಣದ ಹಲ್ಲೆ), ರಾಣಿ ಇಲ್ಲವೆಂದು ಖಾತ್ರಿಪಡಿಸಿಕೊಂಡು, ಸುಮಾರು 300 ಹುಳಗಳನ್ನು ಜಾಲರಿ ಮುಚ್ಚಳದ ಬಾಟಲಿಗೆ ಹಾಕಿ, ಪುಡಿಸಕ್ಕರೆ ಸುರಿದು ಉರುಳಿಸಿ, ಬಿಳಿ ತಟ್ಟೆಯ ಮೇಲೆ ಕೊಡವಿದಾಗ ಎಳ್ಳಿಗಿಂತ ಸಣ್ಣ ಕೆಂಗಂದು ನುಸಿಗಳು ಉದುರಿದವು. ಹುಳಗಳನ್ನು ಜೀವಂತವಾಗಿ ಗೂಡಿಗೆ ಬಿಟ್ಟು ಆ ಪೆಟ್ಟಿಗೆಗೆ ಗುರುತು ಹಾಕಿಕೊಂಡನು. ಇಷ್ಟು ಬಲ್ಲವರು ಕೇಳುವವರೆಗೂ ಸುಮ್ಮನಿರುವುದು ನನಗೆ ಬೇಸರ ತಂದಿತು.

ಇವರು ಅರ್ಧ ಬೆಲೆಗೆ ಮಾರುವ ಹಳೆಯ ಎರಿಗಳನ್ನು ಮಾತ್ರ ಯಾರೂ ಕೊಳ್ಳಬೇಡಿ. ಜೇನುಮರಿಗಳನ್ನು ಕೊಳೆಯಿಸಿ ಕೊಲ್ಲುವ ಅಮೆರಿಕನ್ ಫೌಲ್‌ಬ್ರೂಡ್ ರೋಗದ ಬೀಜಾಣುಗಳು ಹಳೆಯ ಎರಿಯಲ್ಲಿ ದಶಕಗಳ ಕಾಲ ಬದುಕಿರುತ್ತವೆ. ಮೂಲ ಗೊತ್ತಿಲ್ಲದ ಎರಿ ಅಗ್ಗವಾದರೂ ಬೇಡ. ಪರಾಗಸ್ಪರ್ಶಕ್ಕೆ ಸೇವೆಯನ್ನು ಧಾರಾಳವಾಗಿ ಪಡೆಯಬಹುದು, ಆದರೆ ಸಕ್ಕರೆ ಪರೀಕ್ಷೆಯನ್ನು ಲಾರಿಯಿಂದ ಇಳಿಸುವ ಮೊದಲೇ ಮಾಡಿಸಿಕೊಳ್ಳಿ, ವಿಶೇಷವಾಗಿ ಹತ್ತಿರದಲ್ಲಿ ತುಡುವೆ ಸಾಕುವವರಿದ್ದರೆ. ಮೂಲ, ತಪಾಸಣೆಯ ದಿನಾಂಕ, ಕೊಟ್ಟ ಚಿಕಿತ್ಸೆ ಇವಿಷ್ಟನ್ನು ಬರೆದುಕೊಟ್ಟರೆ ಮುಂದಿನ ಹಂಗಾಮಿನ ದಾಳಿಂಬೆಗೂ ಇವರನ್ನೇ ಕರೆಯುತ್ತೇವೆ ಎಂದು ತಿಳಿಸಿದ್ದೇವೆ.