ಹಳೆಯ ಜಾವಾಕ್ಕೆ 6 ವೋಲ್ಟೋ, 12 ವೋಲ್ಟೋ, ಮ್ಯಾಗ್ನೆಟ್ ಕಿಟ್ಟೋ?

ಹಳೆಯ ಜಾವಾ ಬೈಕ್ ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಹೆಡ್‌ಲೈಟ್ ಮಾತು ಬಂದೇ ಬರುತ್ತದೆ. "6 ವೋಲ್ಟಲ್ಲಿ ಏನೂ ಕಾಣಲ್ಲ ಕಣ್ರೀ, 12 ಮಾಡಿಸಿಬಿಡಿ" ಅನ್ನುವವರೇ ಜಾಸ್ತಿ. ಮೈಸೂರಿನಲ್ಲಿ ತಯಾರಾದ ನನ್ನ ಜಾವಾ 250ರಲ್ಲಿ ಎರಡು ದಾರಿ ಪ್ರಯತ್ನಿಸಿದ್ದೇನೆ. ಮೂರನೆಯದನ್ನು ಅಣ್ಣನ ಗಾಡಿಯಲ್ಲಿ ಇಬ್ಬರೂ ಸೇರಿ ಕೂರಿಸಿ ಓಡಿಸಿದ್ದೇವೆ. ಯಾವ ದಾರಿ ಹಿಡಿದರೂ ಮೊದಲು ವೈರಿಂಗ್ ಪೂರ್ತಿ ಬದಲಿಸಿ. ವೋಲ್ಟೇಜ್ ಮಾತು ಆಮೇಲೆ.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. 35 ವ್ಯಾಟ್ ಬಲ್ಬ್ 6 ವೋಲ್ಟ್‌ನಲ್ಲಿ ಹತ್ತಿರ ಹತ್ತಿರ 6 ಆಂಪಿಯರ್ ಎಳೆಯುತ್ತದೆ. ಹಳೆಯ ವೈರು, ವೈರಿನ ತುದಿಯಲ್ಲಿ ಹಸಿರುಗಟ್ಟಿದ ಲಗ್ಗು, ಸ್ವಿಚ್ಚಿನ ಒಳಗೆ ಸವೆದ ಹಿತ್ತಾಳೆ, ಎಲ್ಲವೂ ಸ್ವಲ್ಪ ಸ್ವಲ್ಪ ತಿಂದರೆ ಅರ್ಧ ವೋಲ್ಟ್ ದಾರಿಯಲ್ಲೇ ಹೋಯಿತು. 12ರಲ್ಲಿ ಅರ್ಧ ವೋಲ್ಟ್ ಹೋದರೆ ಶೇ. 4ರಷ್ಟು. 6ರಲ್ಲಿ ಅದು ಶೇ. 8. ಫಿಲಮೆಂಟ್ ಬಲ್ಬಿಗೆ ವೋಲ್ಟೇಜ್ ಶೇ. 10 ಇಳಿದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ. ಮಂಕು ಬೆಳಕಿಗೆ ಡೈನಮೋವನ್ನು (ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಭಾಗ) ಬೈಯುವ ಮೊದಲು ಇದನ್ನು ನೋಡಬೇಕು.

ನಾನು ಬ್ಯಾಟರಿಯಿಂದ ಮುಖ್ಯ ಸ್ವಿಚ್ಚಿಗೆ 2.5 ಚದರ ಮಿ.ಮೀ. ತಾಮ್ರದ ವೈರು, ಲೈಟುಗಳಿಗೆ 1.5ರ ವೈರು ಎಳೆದೆ. ಬ್ಯಾಟರಿ ಪಕ್ಕದಲ್ಲೇ ಒಂದು ಫ್ಯೂಸ್ ಹಾಕಿದೆ. ಇನ್ನೊಂದು ಮುಖ್ಯ ವಿಷಯ ಅರ್ಥ್, ಅಂದರೆ ಕರೆಂಟ್ ಗಾಡಿಯ ಲೋಹದ ಮೂಲಕ ಬ್ಯಾಟರಿಗೆ ಮರಳುವ ದಾರಿ. ರೆಸ್ಟೋರ್ ಮಾಡಿದ ಗಾಡಿಗಳಿಗೆ ಈಗ ಪೌಡರ್ ಕೋಟಿಂಗ್ ಮಾಡಿಸುತ್ತಾರೆ, ಅಲ್ವಾ? ಆ ದಪ್ಪ ಪದರ ಕರೆಂಟಿಗೆ ಅಡ್ಡ. ಅದಕ್ಕೇ ಹೊಸ ಬಣ್ಣದ ಚಂದದ ಗಾಡಿಯಲ್ಲಿ ಲೈಟ್ ಇನ್ನೂ ಮಂಕಾಗುತ್ತದೆ. ಹೆಡ್‌ಲೈಟಿನಿಂದ ಬ್ಯಾಟರಿಯ ಅರ್ಥ್ ತುದಿಗೆ ಬೇರೆಯೇ ವೈರು ಎಳೆಯಿರಿ. ಲೈಟ್ ಉರಿಯುತ್ತಿರುವಾಗ ಮಲ್ಟಿಮೀಟರಿನ ಒಂದು ಕಡ್ಡಿ ಬಲ್ಬ್ ಹೋಲ್ಡರಿನ ಅರ್ಥಿಗೆ, ಇನ್ನೊಂದು ಬ್ಯಾಟರಿಯ ಅರ್ಥ್ ತುದಿಗೆ ಇಡಿ. 0.2 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಆ ದಾರಿಯನ್ನು ಇನ್ನೂ ಸರಿಮಾಡಬೇಕು.

ಈಗ ಮೊದಲ ದಾರಿ: 6 ವೋಲ್ಟನ್ನೇ ಉಳಿಸಿಕೊಂಡು ಡೈನಮೋದ ಚಾರ್ಜಿಂಗನ್ನು ಹತೋಟಿಯಲ್ಲಿಡುವ ಹಳೆಯ ಕಟೌಟ್ ಬದಲಿಗೆ ಎಲೆಕ್ಟ್ರಾನಿಕ್ ರೆಗ್ಯುಲೇಟರ್. ಖರ್ಚು ಕಡಿಮೆ, ಹಾರ್ನು, ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್ಲು, ಚಾರ್ಜ್ ಆಗದಿದ್ದಾಗ ಉರಿಯುವ ಕೆಂಪು ಚಾರ್ಜಿಂಗ್ ಲೈಟು ಎಲ್ಲ ಹಾಗೇ ಇರುತ್ತವೆ. ಕಟೌಟಿನ ಪಾಯಿಂಟ್ ಅಂಟಿಕೊಳ್ಳುವುದು, ಸ್ಪ್ರಿಂಗ್ ಸಡಿಲವಾಗಿ ಬ್ಯಾಟರಿ ಕುದಿಯುವುದು ನಿಂತುಹೋಯಿತು. ಚಾರ್ಜಿಂಗ್ 7.2 ವೋಲ್ಟ್ ಹತ್ತಿರ ಅಲುಗಾಡದೆ ನಿಲ್ಲುತ್ತದೆ. ಹಾಕುವ ಮೊದಲು ಬ್ಯಾಟರಿಯ ಯಾವ ತುದಿ ಅರ್ಥ್ ಆಗಿದೆ ನೋಡಿಕೊಳ್ಳಿ. ತಿರುವುಮುರುವಾದರೆ ರೆಗ್ಯುಲೇಟರ್ ಆ ಕ್ಷಣವೇ ಸುಡುತ್ತದೆ. ಡೈನಮೋಗೆ ಹೊಸ ಕಾರ್ಬನ್ ಬ್ರಶ್ ಹಾಕಿ, ಬ್ರಶ್ ತಾಗುವ ತಾಮ್ರದ ಭಾಗವಾದ ಕಾಮ್ಯುಟೇಟರಿನ ಗೆರೆಗಳಲ್ಲಿ ಕೂತ ಕಾರ್ಬನ್ ಪುಡಿ ತೆಗೆಯಿರಿ. ಕ್ರ್ಯಾಂಕ್ ಬೇರಿಂಗಿನಲ್ಲಿ ಆಟ ಇದ್ದರೆ ಡೈನಮೋದ ತಿರುಗುವ ಭಾಗ (ಆರ್ಮೇಚರ್) ಸುತ್ತಲಿನ ಸ್ಥಿರ ಭಾಗಕ್ಕೆ (ಫೀಲ್ಡ್) ತಾಗುತ್ತದೆ. ಆಗ ಯಾವ ರೆಗ್ಯುಲೇಟರ್ ಹಾಕಿದರೂ ಪ್ರಯೋಜನವಿಲ್ಲ.

ಇದರ ಮಿತಿ ಡೈನಮೋದ 45 ವ್ಯಾಟ್. ಹೆಡ್‌ಲೈಟಿಗೆ 35, ಟೇಲ್ ಲೈಟಿಗೆ 5, ಇಗ್ನಿಷನ್ ಕಾಯಿಲ್ಲಿಗೆ ಹತ್ತು ಹನ್ನೆರಡು. ಕೂಡಿದರೆ 45 ದಾಟಿತು. ರಾತ್ರಿ ಓಡಿಸಿದಷ್ಟು ಹೊತ್ತೂ ಬ್ಯಾಟರಿ ಸ್ವಲ್ಪ ಸ್ವಲ್ಪ ಖಾಲಿಯಾಗುತ್ತದೆ. ಇದಕ್ಕೆ ಎಲ್‌ಇಡಿ ಬಲ್ಬ್ ಒಳ್ಳೆಯ ಉತ್ತರ. ಆದರೆ ಡಬ್ಬದ ಮೇಲೆ 6 ವೋಲ್ಟ್ ಅಂತ ಇರಲೇಬೇಕು. ಎಷ್ಟೋ ಎಲ್‌ಇಡಿಗಳು 9 ವೋಲ್ಟ್‌ಗಿಂತ ಕೆಳಗೆ ಉರಿಯುವುದೇ ಇಲ್ಲ.

ಎರಡನೆಯದು ಅದೇ ಡೈನಮೋಗೆ 12 ವೋಲ್ಟ್ ರೆಗ್ಯುಲೇಟರ್. ಕೇಳಲು ಚೆನ್ನಾಗಿದೆ. ಬಯಲು ರಸ್ತೆಯಲ್ಲಿ 60ರ ವೇಗದಲ್ಲಿ ಬೆಳಕು ನಿಜವಾಗಿಯೂ ಚೆನ್ನಾಗಿತ್ತು. ಆದರೆ 14 ವೋಲ್ಟ್ ಹುಟ್ಟಬೇಕಾದರೆ ಡೈನಮೋ ಮೊದಲಿಗಿಂತ ಹೆಚ್ಚುಕಡಿಮೆ ಎರಡರಷ್ಟು ವೇಗದಲ್ಲಿ ತಿರುಗಬೇಕು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಆ ವೇಗ ಎಲ್ಲಿ ಸಿಗುತ್ತದೆ? ಸಿಗ್ನಲ್‌ನಿಂದ ಸಿಗ್ನಲ್‌ಗೆ ಕೆಂಪು ಚಾರ್ಜಿಂಗ್ ಲೈಟ್ ಉರಿಯುತ್ತಲೇ ಇತ್ತು. ಬ್ಯಾಟರಿ, ಬಲ್ಬುಗಳು, ಹಾರ್ನು, ಕಾಯಿಲ್ಲು ಎಲ್ಲವನ್ನೂ ಬದಲಿಸಿದ ಖರ್ಚು ಬೇರೆ. ಊರೊಳಗೆ ಓಡಿಸುವವರಿಗೆ ಇದು ಬೇಡವೇ ಬೇಡ. ನಾನು ಅದನ್ನು ಬಿಚ್ಚಿ ಮತ್ತೆ 6ಕ್ಕೇ ಬಂದೆ.

ಮೂರನೆಯದು ಮ್ಯಾಗ್ನೆಟ್ ಕಿಟ್: ಡೈನಮೋವನ್ನೇ ತೆಗೆದು ತಿರುಗುವ ಮ್ಯಾಗ್ನೆಟ್ ರೋಟರ್, ಕಾಯಿಲ್ ಇರುವ ಸ್ಥಿರ ಭಾಗವಾದ ಹೊಸ ಸ್ಟೇಟರ್, ಇಗ್ನಿಷನ್ ಪಾಯಿಂಟ್ ಬದಲಿಗೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ಡಬ್ಬ ಸಿಡಿಐ ಕೂರಿಸುವುದು. ಅಣ್ಣ ಸಕಲೇಶಪುರದ ಕಡೆ ಇರುತ್ತಾನೆ, ಮಂಜು ಮಳೆಯಲ್ಲಿ ಶಿರಾಡಿ ಘಾಟಿ ಇಳಿಯುವವನು. ಅವನಿಗೆ ಇದೇ ಸರಿ ಅಂತ ನಾನೇ ಹೇಳಿದೆ. ಬ್ರಶ್ ಇಲ್ಲ, ಕಾಮ್ಯುಟೇಟರ್ ಇಲ್ಲ, ಪಾಯಿಂಟ್ ಗ್ಯಾಪ್ ನೋಡುವ ಕೆಲಸವೂ ಇಲ್ಲ. ನಿಧಾನವಾಗಿ ತಿರುವು ಹತ್ತುವಾಗಲೂ ಲೈಟ್ ಕುಗ್ಗುವುದಿಲ್ಲ. ಅವನ ಕಿಟ್ಟಿನಲ್ಲಿ ಸಿಡಿಐಗೆ ಬೇರೆಯೇ ಕಾಯಿಲ್ ಇರುವುದರಿಂದ ಬ್ಯಾಟರಿ ಸತ್ತರೂ ಕಿಕ್ ಹೊಡೆದರೆ ಗಾಡಿ ಸ್ಟಾರ್ಟ್ ಆಗುತ್ತದೆ. ಘಾಟಿ ರಸ್ತೆಯಲ್ಲಿ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಇಲ್ಲ.

ಕೊರತೆಯೂ ಇದೆ. ಬೆಲೆ ಮೊದಲನೆಯದರ ಹಲವು ಪಟ್ಟು. ಸಿಡಿಐ ದಾರಿಯಲ್ಲಿ ಕೈಕೊಟ್ಟರೆ ಉಪ್ಪುಕಾಗದದಲ್ಲಿ ಉಜ್ಜಿ ಸರಿಮಾಡಲು ಆಗುವುದಿಲ್ಲ, ಸೀಟಿನ ಕೆಳಗೆ ಇನ್ನೊಂದು ಇಟ್ಟುಕೊಂಡೇ ಹೋಗಬೇಕು. ಕೆಂಪು ಚಾರ್ಜಿಂಗ್ ಲೈಟ್ ಹಳೆಯ ವೈರಿಂಗಿನಲ್ಲಿ ಕೆಲಸ ಮಾಡುವುದಿಲ್ಲ. ಸ್ಥಳೀಯವಾಗಿ ಜೋಡಿಸಿದ ಕಿಟ್ ಕೊಳ್ಳುವವರು ರೋಟರ್ ಕ್ರ್ಯಾಂಕಿನ ಟೇಪರಿಗೆ (ತುದಿಯತ್ತ ಕಿರಿದಾಗುವ ಭಾಗಕ್ಕೆ) ಬಿಗಿಯಾಗಿ ಕೂರುತ್ತದೆಯೇ ಅಂತ ಅಂಗಡಿಯಲ್ಲೇ ಖಚಿತ ಮಾಡಿಕೊಳ್ಳಿ. ಟೇಪರ್ ಸರಿಯಿಲ್ಲದ ರೋಟರ್ ಕ್ರ್ಯಾಂಕನ್ನೇ ಹಾಳುಮಾಡುತ್ತದೆ.

ಹಗಲು ಹೊತ್ತು, ಊರೊಳಗೆ, ಭಾನುವಾರದ ಓಡಾಟಕ್ಕಾದರೆ 6 ವೋಲ್ಟ್, ಎಲೆಕ್ಟ್ರಾನಿಕ್ ರೆಗ್ಯುಲೇಟರ್, ದಪ್ಪ ವೈರು ಸಾಕು. ನನ್ನ ಗಾಡಿ ಹಾಗೇ ಇದೆ. ರಾತ್ರಿ ಘಾಟಿ ಇಳಿಯುವವರು ದುಡ್ಡು ಕೂಡಿಸಿ ಮ್ಯಾಗ್ನೆಟ್ ಕಿಟ್ಟಿಗೇ ಹೋಗಿ. ಆದರೆ ಬಿಚ್ಚಿದ ಡೈನಮೋವನ್ನು ಗುಜರಿಗೆ ಹಾಕಬೇಡಿ. ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು, ಒಳ್ಳೆಯ ಆರ್ಮೇಚರ್ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಅಲೆಯುವವರು ಇವತ್ತಿಗೂ ಇದ್ದಾರೆ.